ಡಾರ್ಕ್ ಮ್ಯಾಟರ್‌ಗೆ ಬೆಳಕೇ ಇಲ್ಲ, ಗಾಮಾ ಕಿರಣದಲ್ಲಿ ಹುಡುಕುವುದು ಹೇಗೆ?

ಕೋಥ್ರೂಡ್ ಕನ್ನಡಿಗ:
ಫೆಬ್ರವರಿ 28ಕ್ಕೆ ಮಗಳ ಜೊತೆ ಪುಣೆ ಹತ್ತಿರದ ಖೋಡದ್‌ನ ರೇಡಿಯೋ ದೂರದರ್ಶಕ ನೋಡಲು ಹೋಗಿದ್ದೆ. 45 ಮೀಟರ್ ಅಗಲದ ಡಿಶ್, ಆದರೆ ಮೈಯೆಲ್ಲ ತೆಳು ತಂತಿಯ ಬಲೆ, ಅದರೊಳಗಿಂದಲೇ ಆಕಾಶ ಕಾಣುತ್ತದೆ! ವಾಪಸ್ ಬರುವಾಗ ನಾರಾಯಣಗಾಂವ್ ಹತ್ತಿರ ಅವಳು ಕೇಳಿದ ಪ್ರಶ್ನೆಯೇ ಮೇಲಿರುವುದು. ನನಗೆ ಹೇಳಲು ಬರಲಿಲ್ಲ. ಗೊತ್ತಿರುವವರು ತಿಳಿಸಿ.

ವಾಶಿ ವಾಸಿ:
ಒಳ್ಳೆ ಪ್ರಶ್ನೆ. ಡಾರ್ಕ್ ಮ್ಯಾಟರ್ ಅಂದರೆ ಕಣ್ಣಿಗೆ ಕಾಣದ, ಗುರುತ್ವದ ಸೆಳೆತದಿಂದಷ್ಟೇ ಇರುವುದು ಗೊತ್ತಾಗುವ ವಸ್ತು. ಅದು ತಾನಾಗಿ ಬೆಳಗುವುದಿಲ್ಲ, ನಿಜ. ಆದರೆ ಅದರ ಎರಡು ಕಣಗಳು ಎದುರಾದರೆ ಒಂದನ್ನೊಂದು ಅಳಿಸಿಹಾಕಿ ಬೇರೆ ಕಣಗಳಾಗಬಹುದು, ಅವು ಒಡೆಯುತ್ತಾ ಹೋಗಿ ಕೊನೆಗೆ ಗಾಮಾ ಕಿರಣ, ಅಂದರೆ ಎಕ್ಸ್-ರೇಗಿಂತ ಹೆಚ್ಚು ಶಕ್ತಿಯ ಬೆಳಕು, ಹೊಮ್ಮುತ್ತದೆ ಎನ್ನುವುದು ಒಂದು ಊಹೆ. ದಟ್ಟಣೆ ಎರಡು ಪಟ್ಟಾದರೆ ಇಂಥ ಡಿಕ್ಕಿ ನಾಲ್ಕು ಪಟ್ಟು. ಅದಕ್ಕೇ ಎಲ್ಲರ ಕಣ್ಣು ನಮ್ಮ ಗೆಲಾಕ್ಸಿಯ ನಡುಭಾಗದ ಮೇಲೆ. 2008ರಲ್ಲಿ ಮೇಲೆ ಹೋದ, ಗಾಮಾ ಕಿರಣ ಹಿಡಿಯುವ ಫರ್ಮಿ ಉಪಗ್ರಹದ ದತ್ತಾಂಶದಲ್ಲಿ ಮರುವರ್ಷವೇ ಅಲ್ಲಿ ಲೆಕ್ಕಕ್ಕಿಂತ ಜಾಸ್ತಿ ಗಾಮಾ ಕಂಡಿತು.

ಪಾಷಾಣ್ ರಸ್ತೆ:
ಆ ಜಾಸ್ತಿಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಸೆಕೆಂಡಿಗೆ ನೂರಾರು ಸುತ್ತು ತಿರುಗುವ ಸತ್ತ ನಕ್ಷತ್ರಗಳಿವೆ, ಮಿಲಿಸೆಕೆಂಡ್ ಪಲ್ಸಾರ್ ಅಂತ. ಅವು ಸೂಸುವ ಗಾಮಾ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಡುಭಾಗ 26,000 ಜ್ಯೋತಿರ್ವರ್ಷ ದೂರ, ದಾರಿಯ ಅನಿಲ ಪಲ್ಸಾರ್‌ನ ರೇಡಿಯೋ ಮಿಡಿತವನ್ನು ಕಲಸಿಬಿಡುತ್ತದೆ, ಹಾಗಾಗಿ ಅಲ್ಲಿ ಅವನ್ನು ಎಣಿಸುವುದು ಬಹಳ ಕಷ್ಟ. ನೀವು ನೋಡಿದ ಡಿಶ್‌ಗಳ ಕೆಲಸ ಇಲ್ಲೇ ಬರುತ್ತದೆ. ಫರ್ಮಿ ಕಂಡ ಗುರುತಿಲ್ಲದ ಚುಕ್ಕೆಗಳತ್ತ ತಿರುಗಿಸಿದಾಗ ಹೊಸ ಮಿಲಿಸೆಕೆಂಡ್ ಪಲ್ಸಾರ್‌ಗಳು ಸಿಕ್ಕಿವೆ. ಗುರುತು ಸಿಗದೇ ಹೋಗಿದ್ದರೆ ಆ ಚುಕ್ಕೆಯನ್ನೂ ಯಾರಾದರೂ ಡಾರ್ಕ್ ಮ್ಯಾಟರ್ ಅಂದುಕೊಳ್ಳಬಹುದಿತ್ತು ಅಲ್ವಾ? ಮಗಳಿಗೆ ಇದನ್ನು ಖಂಡಿತ ಹೇಳಿ.

ಚೆಂಬೂರ್ 71:
ನನಗೆ ನಂಬಿಕೆ ಇರುವುದು ಕುಬ್ಜ ಗೆಲಾಕ್ಸಿಗಳ ಮೇಲೆ, ಅಂದರೆ ಕಡಿಮೆ ನಕ್ಷತ್ರಗಳಿರುವ ಪುಟ್ಟ ಗೆಲಾಕ್ಸಿಗಳು. ಡ್ರಾಕೋ ಕುಬ್ಜ ಗೆಲಾಕ್ಸಿಯನ್ನೇ ತಗೊಳ್ಳಿ, ಅನಿಲ ಇಲ್ಲವೆನ್ನುವಷ್ಟು ಕಡಿಮೆ, ಹೊಸ ನಕ್ಷತ್ರ ಹುಟ್ಟುವುದಿಲ್ಲ, ತೂಕವೆಲ್ಲ ಡಾರ್ಕ್ ಮ್ಯಾಟರ್‌ದೇ. ಗದ್ದಲವಿಲ್ಲದ ಮನೆಯಲ್ಲಿ ಸಣ್ಣ ಸದ್ದೂ ಕೇಳುತ್ತದೆ. ಫರ್ಮಿ ಇಂಥವನ್ನು ವರ್ಷಗಟ್ಟಲೆ ನೋಡಿದರೂ ಖಚಿತವಾದ ಸುಳಿವು ಸಿಕ್ಕಿಲ್ಲ. ಆದರೆ ಅದು ಸುಮ್ನೆ ಹೋದ ಶ್ರಮವಲ್ಲ, ಯಾವ ತೂಕದ ಕಣ ಇರಲಾರದು ಅಂತ ಒಂದೊಂದಾಗಿ ಹೊಡೆದುಹಾಕುತ್ತಾ ಬಂದಿದ್ದಾರೆ. ಇನ್ನೂ ಭಾರದ ಕಣಗಳಿಗೆ ನೆಲದ ಮೇಲಿನ ದೂರದರ್ಶಕ ಬೇಕು. ನಮ್ಮ ಟ್ರಾಂಬೆಯ ಬಿಎಆರ್‌ಸಿಯವರು (ಭಾಭಾ ಅಣು ಸಂಶೋಧನಾ ಕೇಂದ್ರ) ಲಡಾಖಿನ ಹಾನ್ಲೆಯಲ್ಲಿ 21 ಮೀಟರ್ ಅಗಲದ ಮೇಸ್ ಎಂಬ ದೂರದರ್ಶಕ ನಿಲ್ಲಿಸಿದ್ದಾರೆ, 2024ರಲ್ಲಿ ಉದ್ಘಾಟನೆಯಾಯಿತು. ಗಾಮಾ ಬಂದು ಗಾಳಿಗೆ ಬಡಿದಾಗ ಕೆಲವೇ ನ್ಯಾನೋಸೆಕೆಂಡ್ ಮಿಂಚುವ ನೀಲಿ ಬೆಳಕನ್ನು ಅದು ಹಿಡಿಯುತ್ತದೆ.

ಕೋಥ್ರೂಡ್ ಕನ್ನಡಿಗ:
ಎಲ್ಲರಿಗೂ ಧನ್ಯವಾದ, ಓದಿ ಹೇಳಿದೆ. ಈಗ ಡ್ರಾಕೋ ನೋಡಬೇಕಂತೆ. ಕಾಣುತ್ತಾ?

ಚೆಂಬೂರ್ 71:
ಗೆಲಾಕ್ಸಿ ಬರಿಗಣ್ಣಿಗೆ ಕಾಣುವುದಿಲ್ಲ, ಸುಮಾರು 2.5 ಲಕ್ಷ ಜ್ಯೋತಿರ್ವರ್ಷ ದೂರ. ಆದರೆ ಅದೇ ಹೆಸರಿನ ನಕ್ಷತ್ರಪುಂಜ ಕಾಣುತ್ತದೆ. ಮೇ ತಿಂಗಳಲ್ಲಿ ಮಳೆ ಶುರುವಾಗುವ ಮೊದಲು, ಮಧ್ಯರಾತ್ರಿ ಹೊತ್ತಿಗೆ ಊರ ದೀಪಗಳಿಂದ ದೂರ ಹೋಗಿ ಉತ್ತರಕ್ಕೆ ನೋಡಿ.