‘ಮನೆಯಲ್ಲಿ ಒಂದೇ ಭಾಷೆ’ ಫಾರ್ವರ್ಡ್ ಮೇಲೆ ನಮ್ಮ ಫ್ಯಾಮಿಲಿ ಗ್ರೂಪಿನ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಮಗು ತಪ್ಪುತಪ್ಪಾಗಿ ಮಾತಾಡುತ್ತಿದೆಯೇ? ಎರಡು ಭಾಷೆಯೇ ಕಾರಣ! ಇಂದೇ ಒಂದನ್ನು ನಿಲ್ಲಿಸಿ. 🙏

ದೊಡ್ಡಪ್ಪ: ಪುಟ್ಟಿಯ ಅಪ್ಪ ಅಮ್ಮ ಓದಲೇಬೇಕು.

ಅತ್ತೆ: ನಾನೂ ಅದನ್ನೇ ಹೇಳುತ್ತಿದ್ದೇನೆ. ಐದು ವರ್ಷ ಆಯ್ತು, ಇನ್ನೂ ‘ಅಜ್ಜಿ ಪುಸ್ತಕ ಕೊಟ್ಟೆ’ ಅನ್ನುತ್ತಾಳೆ. ಕೊಟ್ಟಿದ್ದು ಇವಳು, ಅಜ್ಜಿಗೆ!

ನಾನು: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ, ಇದು ಸುಳ್ಳು. ಕೆಲವು ಮಕ್ಕಳಿಗೆ ಭಾಷೆ ಕಲಿಯುವುದರಲ್ಲೇ ತೊಡಕಿರುತ್ತದೆ. ಕೆನಡಾದಲ್ಲಿ ಫ್ರೆಂಚ್, ಇಂಗ್ಲಿಷ್ ಎರಡೂ ಆಡುವ ಇಂಥ ಮಕ್ಕಳನ್ನು ಒಂದೇ ಭಾಷೆ ಆಡುವ ಇಂಥ ಮಕ್ಕಳ ಜೊತೆ ಹೋಲಿಸಿದ್ದಾರೆ. 2003ರಲ್ಲಿ ಪ್ರಕಟವಾಯಿತು. ಕ್ರಿಯಾಪದದ ಕಾಲ ಹೇಳುವಲ್ಲಿ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ.

ದೊಡ್ಡಪ್ಪ: ನಮ್ಮ ಕಾಲದಲ್ಲಿ ಇಂಥ ಕಾಯಿಲೆಯೇ ಇರಲಿಲ್ಲ.

ನಾನು: ಇತ್ತು. ‘ದಡ್ಡ’ ಅಂತ ಹಿಂದಿನ ಬೆಂಚಿಗೆ ಕಳಿಸುತ್ತಿದ್ದರು. ಕಿವಿ ಕೇಳುತ್ತದೆ, ಬೇರೆ ಕಾರಣವೂ ಕಾಣುವುದಿಲ್ಲ, ಭಾಷೆ ಮಾತ್ರ ಕೈಗೆ ಹತ್ತುವುದಿಲ್ಲ. ಇದಕ್ಕೆ ಡಿಎಲ್‌ಡಿ (ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಅಂದರೆ ಭಾಷೆ ಬೆಳೆಯುವುದರಲ್ಲಿನ ತೊಂದರೆ) ಅನ್ನುತ್ತಾರೆ. ನೂರು ಮಕ್ಕಳಲ್ಲಿ ಸುಮಾರು ಏಳು ಮಕ್ಕಳಿಗೆ ಇರುತ್ತದೆ.

ಅತ್ತೆ: ಗದರಿಸಿದರೆ ಸರಿಯಾಗಿ ಹೇಳುತ್ತಾಳೆ, ಆಮೇಲೆ ಮತ್ತೆ ಅದೇ ರಾಗ. ಸೋಮಾರಿತನ ಅಲ್ವಾ?

ನಾನು: ಅಲ್ಲ ಅತ್ತೆ. ಒಮ್ಮೆ ಸರಿ, ಒಮ್ಮೆ ತಪ್ಪು, ಇದೇ ಇದರ ಗುರುತು. ತಪ್ಪೂ ಭಾಷೆಗೆ ತಕ್ಕ ಹಾಗೆ. ಇಂಗ್ಲಿಷ್ ಮಕ್ಕಳು ನಿನ್ನೆಯ ಮಾತಿಗೂ ‘ವಾಕ್’ ಅಂತಲೇ ಬಿಡುತ್ತಾರೆ, ‘ವಾಕ್ಡ್’ ಬರುವುದಿಲ್ಲ. ಇಟಾಲಿಯನ್ ಮಕ್ಕಳಿಗೆ ಕ್ರಿಯಾಪದದ ಕೊನೆ ಅಷ್ಟು ತೊಡಕಲ್ಲ, ‘ಅದನ್ನು’, ‘ಅವನನ್ನು’ ಅನ್ನುವ ಚೋಟುದ್ದದ ಪದಗಳೇ ಜಾರಿಹೋಗುತ್ತವೆ. ಸೋಮಾರಿತನ ಇಷ್ಟು ಲೆಕ್ಕಾಚಾರವಾಗಿ ಬರುತ್ತಾ?

ಅಣ್ಣ: ಒಂದು ಭಾಷೆ ಬಿಡು ಅಂದರೆ ಯಾವುದನ್ನು ಬಿಡಲಿ? ಇವಳಮ್ಮನ ಭಾಷೆ ಬಿಟ್ಟರೆ ಆ ಕಡೆಯ ಅಜ್ಜಿ ಜೊತೆ ಏನು ಕೈಸನ್ನೆ ಮಾಡಲಾ?

ನಾನು: ಯಾವುದನ್ನೂ ಬಿಡಬೇಡ. ಸ್ಪೀಚ್ ಥೆರಪಿಸ್ಟ್ ಹತ್ತಿರ ಎರಡೂ ಭಾಷೆ ಪರೀಕ್ಷೆ ಮಾಡಿಸು. ಒಂದರಲ್ಲಿ ಮಾತ್ರ ಕಷ್ಟ ಇದ್ದರೆ ಬಹುಶಃ ಆ ಭಾಷೆ ಕಿವಿಗೆ ಬಿದ್ದಿದ್ದು ಕಡಿಮೆ. ಡಿಎಲ್‌ಡಿ ಆದರೆ ಎರಡರಲ್ಲೂ ಕಾಣುತ್ತದೆ.

ಅತ್ತೆ: ಅಲ್ಲಿವರೆಗೆ ಸುಮ್ನೆ ಕೂರೋದಾ?

ನಾನು: ‘ಅಜ್ಜಿ ಪುಸ್ತಕ ಕೊಟ್ಟೆ’ ಅಂದಾಗ ‘ಓ, ಅಜ್ಜಿಗೆ ಕೊಟ್ಟೆಯಾ? ಅಜ್ಜಿಗೆ ಯಾವ ಪುಸ್ತಕ ಕೊಟ್ಟೆ?’ ಅನ್ನಿ. ‘ಗೆ’ ಸ್ವಲ್ಪ ಒತ್ತಿ ಹೇಳಿ. ಎಲ್ಲಿ ಹೇಳು ನೋಡೋಣ ಅಂತ ಪೀಡಿಸಬೇಡಿ, ಮಾತು ಮುಂದುವರಿಸಿ. ಥೆರಪಿಯಲ್ಲೂ ಹೀಗೆ ಮಾಡುತ್ತಾರೆ, ಬೇಕಾದಷ್ಟು ಸಲ.

ದೊಡ್ಡಪ್ಪ: ಕೆಳಗೆ ‘ತಜ್ಞ ವೈದ್ಯರು’ ಅಂತ ಇದೆಯಲ್ಲಮ್ಮ.

ನಾನು: ಹೆಸರು ಇದೆಯಾ?

ದೊಡ್ಡಪ್ಪ: ಇಲ್ಲ. ಆದರೆ ವಾಕಿಂಗ್ ಗ್ರೂಪಿಗೂ ಹಾಕಿಬಿಟ್ಟೆ.

ಅಣ್ಣ: ಹಾಗಾದರೆ ಇವಳು ಬರೆದಿದ್ದನ್ನೂ ಅಲ್ಲಿಗೆ ಫಾರ್ವರ್ಡ್ ಮಾಡಿ.