ಫ್ಟಾಚ್ನಿಕ್‌ಗೆ ಸಿಗಬೇಕಾದ ಹೆಸರು ಸಿಕ್ಕಿಲ್ಲ

ಕುದುರೆನಡೆ: ಚೆಸ್ ಆಟಗಾರ ಲ್ಯುಬೋಮಿರ್ ಫ್ಟಾಚ್ನಿಕ್ ಯಾರೆಂದು ಇಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. 1957ರಲ್ಲಿ ಬ್ರಾಟಿಸ್ಲಾವಾದಲ್ಲಿ ಹುಟ್ಟಿದರು, 1980ರಲ್ಲಿ ಗ್ರ್ಯಾಂಡ್‌ಮಾಸ್ಟರ್. 1982ರ ಲುಸರ್ನ್ (ಸ್ವಿಟ್ಜರ್ಲೆಂಡ್) ಚೆಸ್ ಒಲಿಂಪಿಯಾಡ್‌ನಲ್ಲಿ ಸ್ಲೊವಾಕಿಯಾಕ್ಕೆ ಬೆಳ್ಳಿ ತಂದರು. ಅಲ್ಲಿ ಸೋವಿಯತ್ ತಂಡದ ಪೊಲುಗಯೆವ್‌ಸ್ಕಿಯನ್ನು ಮುಗಿಸಿದ ಆಟ ನೋಡಿ. 28ನೇ ನಡೆಗೆ ಜಿ2 ಮನೆಯಲ್ಲಿ ರಾಣಿಯನ್ನೇ ಕೊಟ್ಟರು. ರಾಜ ಹೊಡೆದ. ಆನೆ ಡಿ5ರಿಂದ ಡಿ2ಕ್ಕೆ ಇಳಿಯಿತು, ಬಿ7ರ ಒಂಟೆಗೆ ದಾರಿ ತೆರೆಯಿತು, ಎರಡೂ ಒಟ್ಟಿಗೆ ಚೆಕ್. ಎದುರಾಳಿ ಅಲ್ಲೇ ಸೋಲೊಪ್ಪಿದರು.

ಬ್ಲಿಟ್ಜ್‌ಭಟ್ಟ: "ಸ್ಲೊವಾಕಿಯಾಕ್ಕೆ ಬೆಳ್ಳಿ"ಯಾ? ಆ ದೇಶ ಆಗಿದ್ದೇ 1993ರಲ್ಲಿ. ಬೆಳ್ಳಿ ಚೆಕೊಸ್ಲೊವಾಕಿಯಾದ್ದು. ತಂಡದಲ್ಲಿದ್ದ ಹೋರ್ಟ್, ಸ್ಮೇಯ್ಕಲ್, ಯಾನ್ಸಾ ಏನು ಟೀ ಕೊಡೋಕೆ ಹೋಗಿದ್ದರಾ?

ಕುದುರೆನಡೆ: ಟೀ ಕೊಡೋಕೆ ಅಂತ ನಾನೆಲ್ಲಿ ಹೇಳಿದೆ? ಅದೇ ತಂಡದಲ್ಲಿದ್ದ ಪ್ಲಾಖೆಟ್ಕಾ ಹುಟ್ಟಿದ ಊರು ಸ್ಲೊವಾಕಿಯಾದ ಟ್ರ್ನಾವಾ. ಅವರ ಹೆಸರು ಯಾಕೆ ಬಿಟ್ಟಿರಿ?

ಬ್ಲಿಟ್ಜ್‌ಭಟ್ಟ: ಹುಟ್ಟಿದ ಊರು ನೋಡಿ ಪದಕ ಹಂಚೋದಾ? ಹೋರ್ಟ್ ಆಮೇಲೆ ಪಶ್ಚಿಮ ಜರ್ಮನಿ ಪರ ಆಡಿದರು. ಅವರಿಗೂ ಒಂದು ಚೂರು ಕಳಿಸೋಣ.

ಒಂಟಿಕಾಲಾಳು: ಹುಟ್ಟಿದ ಊರು ಅಂದಿರಲ್ಲ, ಹಳೆಯ ಚೆಸ್ ದಿಗ್ಗಜ ರೇಟಿ ಹುಟ್ಟಿದ ಪೆಜಿನೋಕ್ ಈಗ ಸ್ಲೊವಾಕಿಯಾದಲ್ಲಿದೆ. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನೇ ಸೋಲಿಸಿದವರು. ಅವರ ಮುಂದೆ ಫ್ಟಾಚ್ನಿಕ್ ಯಾವ ಲೆಕ್ಕ!

ಬ್ಲಿಟ್ಜ್‌ಭಟ್ಟ: "ಈಗ" ಅಂತ ನೀವೇ ಹೇಳಿದಿರಿ. ರೇಟಿ ಹುಟ್ಟಿದ 1889ರಲ್ಲಿ ಆ ಊರು ಹಂಗೇರಿಯಲ್ಲಿತ್ತು ಸ್ವಾಮಿ. ನಕ್ಷೆ ನೋಡಿ ಬನ್ನಿ.

ಒಂಟಿಕಾಲಾಳು: ನಕ್ಷೆ ನೀವೇ ಇಟ್ಟುಕೊಳ್ಳಿ. ಬೋರ್ಡ್ ಮೇಲೆ ಮಾತಾಡೋಕೆ ಬಾರದವರೇ ನಕ್ಷೆ ಹಿಡಿಯೋದು.

ಮೇಷ್ಟ್ರು64: ಫ್ಟಾಚ್ನಿಕ್ ಕಲಿಸುವವರೂ ಹೌದು, ಅದನ್ನು ಒಬ್ಬರೂ ಎತ್ತಲಿಲ್ಲ. ಚೆಸ್ ತಂತ್ರಾಂಶದ ಕಂಪನಿ ಚೆಸ್‌ಬೇಸ್‌ಗೆ ಬರೆದ ಟಿಪ್ಪಣಿಗಳಿವೆ, 2010ರಲ್ಲಿ ಸಿಸಿಲಿಯನ್ ಎಂಬ ಆರಂಭದ ಆಟದ ಮೇಲೆ ದಪ್ಪ ಪುಸ್ತಕ ಬಂತು. ನಾನು ಮಕ್ಕಳಿಗೆ ಹೆಡ್ಜ್‌ಹಾಗ್ ವ್ಯೂಹ ಹೇಳಿಕೊಡೋದು ಆ ಲುಸರ್ನ್ ಆಟದಿಂದಲೇ. ಎ6, ಬಿ6, ಡಿ6, ಇ6ರಲ್ಲಿ ಕಾಲಾಳು ಇಟ್ಟು ಸುಮ್ನೆ ಕಾಯೋದು, ಸಮಯ ನೋಡಿ ಡಿ5ಕ್ಕೆ ನುಗ್ಗೋದು.

ಬ್ಲಿಟ್ಜ್‌ಭಟ್ಟ: "ದಪ್ಪ ಪುಸ್ತಕ" ಬರೆದವರೆಲ್ಲ ಟ್ರೇನರಾ? ವಿಶ್ವ ಕಿರೀಟಕ್ಕೆ ಸವಾಲುಗಾರನನ್ನು ಆರಿಸುವ ಕ್ಯಾಂಡಿಡೇಟ್ಸ್ ಹಂತಕ್ಕೆ ಒಂದು ಸಲವೂ ಹೋದವರಲ್ಲ.

ಕುದುರೆನಡೆ: ಕ್ಯಾಂಡಿಡೇಟ್ಸ್ ಆಡಿದವರಷ್ಟೇ ಕಲಿಸಬೇಕು ಅಂದರೆ ಊರಲ್ಲಿರೋ ಕ್ಲಬ್‌ಗಳಿಗೆಲ್ಲ ಬೀಗ ಹಾಕಿ.

ಮೇಷ್ಟ್ರು64: ಆಟಕ್ಕೆ ಬನ್ನಿ ಮಾರಾಯ್ರೇ. 20ನೇ ನಡೆಗೆ ಬಿಳಿ ಕಾಯಿಯ ಪೊಲುಗಯೆವ್‌ಸ್ಕಿ ಡಿ5ರಲ್ಲಿ ಹೊಡೆದಾಗ ಫ್ಟಾಚ್ನಿಕ್ ತಿರುಗಿ ಹೊಡೆಯದೆ ಎಚ್4ಕ್ಕೆ ಕಾಲಾಳು ತಳ್ಳಿದ್ದು ಯಾಕೆ? ಯಾರಾದರೂ ಹೇಳ್ತೀರಾ?

ಕುದುರೆನಡೆ: ಎಚ್4 ಇರಲಿ ಮೇಷ್ಟ್ರೇ. 1981, 82, 83, 85, ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್. ಇದಕ್ಕೆ ಭಟ್ಟರು ಉತ್ತರ ಕೊಡಲಿ.

ಬ್ಲಿಟ್ಜ್‌ಭಟ್ಟ: ಯಾವ ರಾಷ್ಟ್ರದ?