‘ಆಫ್‌ಬೀಟ್’ಗೆ ‘ಅಪತಾಳ’ ಸರಿಯೆ?

ಪ್ರಶ್ನೆ: ಇಂಗ್ಲೆಂಡಿನ ಕವೆಂಟ್ರಿಯ ಸ್ಕಾ (ಜಮೈಕಾ ಮೂಲದ ಕುಣಿತದ ಸಂಗೀತ) ತಂಡ ‘ದಿ ಸ್ಪೆಷಲ್ಸ್’ ಕುರಿತ ಬರಹವೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಅಪತಾಳದ ಗಿಟಾರ್’, ‘ಹಳೆಯ ಹಾಡಿನ ನಕಲು’, ‘ಮಿಶ್ರ ಪ್ರತಿಕ್ರಿಯೆ’ ಎಂದೆಲ್ಲ ಇದೆ. ‘ಆಫ್‌ಬೀಟ್’ಗೆ ‘ಅನಾಗತ’ ಎನ್ನಬಹುದೆ? ಆಲ್ಬಂಗೆ ‘ಧ್ವನಿಸುರುಳಿ’ ಸಾಕೆ?

ಉತ್ತರ: ಅಪತಾಳ ಖಂಡಿತ ಬೇಡ. ಅದು ಅಪಸ್ವರದ ತಮ್ಮ, ಬೈಗುಳ. ಸ್ಕಾದಲ್ಲಿ ಯಾರೂ ತಾಳ ತಪ್ಪುತ್ತಿಲ್ಲ. ಕಾಲಲ್ಲಿ ನಾಲ್ಕು ಎಣಿಸಿ ನೋಡಿ: ಪಾದ ನೆಲಕ್ಕೆ ಬಿದ್ದಾಗ ಗಿಟಾರ್ ಸುಮ್ಮನಿರುತ್ತದೆ, ಮೇಲೆದ್ದಾಗ ‘ಚಕ್’ ಎನ್ನುತ್ತದೆ. ಮೀಟಿದೊಡನೆ ಎಡಗೈ ಬೆರಳು ಸಡಿಲಿಸಿ ನಾದವನ್ನು ಕತ್ತರಿಸಬೇಕು. ಇಲ್ಲದಿದ್ದರೆ ಅದು ಮುಂದಿನ ತಟ್ಟಿನ ಮೇಲೆ ಹರಿದು ಕುಣಿತವೇ ಕೆಡುತ್ತದೆ.

ಅನಾಗತವೂ ಹೊಂದದು. ಅದು ಎಡುಪಿನ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗದ ಮಾತು: ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು. ಸ್ಕಾ ಗಿಟಾರ್ ಬೀಳುವುದು ಪ್ರತಿ ಎರಡು ತಟ್ಟಿನ ನಡುವೆ. ‘ಎಡೆಪೆಟ್ಟು’ ಚೆಂದ, ಆದರೆ ಅಚ್ಚಿನಲ್ಲಿ ‘ಎಡಪೆಟ್ಟು’ ಆಗಿಬಿಡುತ್ತದೆ. ‘ನಡುಪೆಟ್ಟು’ ಎನ್ನಿ.

‘ಮಿಶ್ರ’ ಎಂದರೆ ಸಂಗೀತದವರಿಗೆ ಮೊದಲು ಹೊಳೆಯುವುದು ಏಳೆಣಿಕೆಯ ತಾಳ! ಅದಿರಲಿ, ವಿಮರ್ಶಕರು ಎರಡು ಪಾಲಾದರೋ, ಪ್ರತಿಯೊಬ್ಬರೂ ಅರೆಮನಸ್ಸಿನಿಂದ ಮೆಚ್ಚಿದರೋ ಎಂಬುದನ್ನು ಆ ಪದ ಮುಚ್ಚಿಡುತ್ತದೆ. 1980ರ ಎರಡನೆಯ ಆಲ್ಬಂನಲ್ಲಿ ತಂಡದ ಕೀಬೋರ್ಡ್ ವಾದಕ ಜೆರ್ರಿ ಡ್ಯಾಮರ್ಸ್ ಹೋಟೆಲ್ ಲಾಬಿಯ ಹಿನ್ನೆಲೆ ಸಂಗೀತದ ಧಾಟಿ ತಂದಾಗ ವಿಮರ್ಶಕರು ಎರಡು ಪಾಲಾದರು. ‘ವಿಮರ್ಶಕರಲ್ಲಿ ಒಡಕು’ ಎಂದೇ ಬರೆಯಿರಿ. 1979ರ ಮೊದಲ ಆಲ್ಬಂ ಮೇಲಿನ ಆಕ್ಷೇಪ ಬೇರೆ: ಗಾಯಕ ಎಲ್ವಿಸ್ ಕಾಸ್ಟೆಲೊ ನಿರ್ಮಾಣದಲ್ಲಿ ನಾದ ‘ತೆಳು’, ವೇದಿಕೆಯ ಕಾವಿಲ್ಲ ಎಂಬುದು. ಇಲ್ಲಿ ‘ತೆಳು’ ಸರಿಯಾಗಿದೆ, ‘ಸಪ್ಪೆ’ ಎಂದು ತಿದ್ದಬೇಡಿ. ಸಪ್ಪೆಯಾದರೆ ದೂರು ಹಾಡಿನ ಮೇಲೆಯೇ ಹೋಗುತ್ತದೆ.

‘ನಕಲು’ ಅನ್ಯಾಯ. ‘ಎ ಮೆಸೇಜ್ ಟು ಯು, ರೂಡಿ’ 1967ರಲ್ಲಿ ಡ್ಯಾಂಡಿ ಲಿವಿಂಗ್‌ಸ್ಟನ್ ಹಾಡಿದ್ದು. ಅದರಲ್ಲಿ ಟ್ರಾಂಬೋನ್ ಊದಿದ ರಿಕೊ ರಾಡ್ರಿಗೆಜ್ ಅವರೇ 1979ರಲ್ಲಿ ಸ್ಪೆಷಲ್ಸ್ ಅದನ್ನು ಮತ್ತೆ ಹಾಡಿದಾಗಲೂ ಊದಿದ್ದಾರೆ. ‘ಮರುಗಾಯನ’ ಸಾಕು.

ಧ್ವನಿಸುರುಳಿ ಎಂದರೆ ಕ್ಯಾಸೆಟ್. ಸುರುಳಿಯೇ ಇಲ್ಲದ ಕಾಲದಲ್ಲೂ ಸಿನಿಮಾದವರು ಅದನ್ನು ಬಿಡುಗಡೆ ಮಾಡುತ್ತಾರೆ, ಬಿಡಿ. ಎಲ್‌ಪಿಗೆ (ಗ್ರಾಮಫೋನಿನ ದೊಡ್ಡ ತಟ್ಟೆಗೆ) ಧ್ವನಿಮುದ್ರಿಕೆ, ಇಲ್ಲವೇ ಆಲ್ಬಂ.

ಇನ್ನೊಂದು: ‘ರೂಡಿ’ ಎಂದರೆ ಅರವತ್ತರ ದಶಕದ ಜಮೈಕಾದ ಪುಂಡ ಹುಡುಗ. ಕರಡು ತಿದ್ದುವವರು ಅದನ್ನು ‘ರೂಢಿ’ ಮಾಡದಂತೆ ಅಂಚಿನಲ್ಲಿ ಗುರುತು ಹಾಕಿಡಿ.